ದೀಕ್ಷೆಯೂ ಭಾಷೆಯೂ: ಶಾಲಾ ಕ್ರೀಡಾತಂಡದ ಶಿಸ್ತಿನ ಧರ್ಮವಿಚಾರ

ಪ್ರೌಢಶಾಲೆಯ ಖೊ-ಖೊ ಅಥವಾ ಕಬಡ್ಡಿ ತಂಡಕ್ಕೆ ಆಯ್ಕೆಯಾದ ಹದಿನಾಲ್ಕು ಹದಿನೈದರ ಪ್ರಾಯದ ವಿದ್ಯಾರ್ಥಿಗೆ ಮೊದಲ ದಿನವೇ ಹಲವು ಕಟ್ಟುಪಾಡುಗಳನ್ನು ತಿಳಿಸಲಾಗುತ್ತದೆ. ಗೆರೆ ದಾಟಬಾರದು, ತೀರ್ಪುಗಾರರಿಗೆ ಎದುರಾಡಬಾರದು, ಬೆಳಗಿನ ಅಭ್ಯಾಸಕ್ಕೆ ಹೊತ್ತಿಗೆ ಸರಿಯಾಗಿ ಬರಬೇಕು, ನಾಯಕ ಹೇಳಿದ ಜಾಗದಲ್ಲಿ ಆಡಬೇಕು, ಪಾಠ ತಪ್ಪಿಸಬಾರದು, ಕೊನೆಗೆ ತಾಲ್ಲೂಕಿನಲ್ಲಿ ಗೆದ್ದು ಶಾಲೆಗೆ ಹೆಸರು ತರಬೇಕು. ಒಂದೇ ಉಸಿರಿನಲ್ಲಿ ಹೇಳಲಾಗುವ ಈ ಮಾತುಗಳು ಒಂದೇ ಬಗೆಯವಲ್ಲ. ಗೆರೆ ದಾಟಬಾರದೆಂಬುದು ಆಟದ ನಿಯಮ. ಅದಿಲ್ಲದಿದ್ದರೆ ಆಟವೇ ಇಲ್ಲ. ಹೊತ್ತಿಗೆ ಸರಿಯಾಗಿ ಬರಬೇಕೆಂಬುದು ತಂಡದ ಶಿಸ್ತು. ಅದು ಒಟ್ಟಿಗೆ ಬಾಳುವ ಗುಂಪೊಂದು ತನಗಾಗಿ ಮಾಡಿಕೊಂಡ ಕಟ್ಟಳೆ. ಗೆದ್ದು ಬರಬೇಕೆಂಬುದು ನಿರೀಕ್ಷೆ. ಅದು ಇನ್ನೂ ಆಗದಿರುವ, ಆಡುವವರ ಕೈಯಲ್ಲಿ ಪೂರ್ತಿಯಾಗಿ ಇಲ್ಲದಿರುವ ಫಲವೊಂದರ ಮೇಲಿನ ಆಸೆ. ಈ ಮೂರರ ನಡುವಿನ ಗಡಿ ಎಲ್ಲಿದೆ, ಎಳೆಯ ವ್ಯಕ್ತಿಯೊಬ್ಬನನ್ನು ಅಥವಾ ಒಬ್ಬಳನ್ನು ನಿಯಮಕ್ಕೆ ಕಟ್ಟುವ ಅಧಿಕಾರ ಎಲ್ಲಿಂದ ಬರುತ್ತದೆ, ಹಾಗೆ ಕಟ್ಟಿಸಿಕೊಂಡವರು ಯಾವಾಗ ಬೆಳೆಯುತ್ತಾರೆ, ಯಾವಾಗ ಕುಗ್ಗುತ್ತಾರೆ ಎಂಬುದು ಕ್ರೀಡಾಶಾಸ್ತ್ರದ ಪ್ರಶ್ನೆಯಾಗುವ ಮೊದಲೇ ಧರ್ಮದ ಪ್ರಶ್ನೆಯಾಗಿದೆ.

ಈ ಪ್ರಶ್ನೆಯನ್ನು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನ ಕುಂತೂರನ್ನು ನೆಲೆಯಾಗಿಟ್ಟುಕೊಂಡು ವಿಚಾರಿಸುವುದಕ್ಕೆ ಕಾರಣವಿದೆ. ಸಕ್ಕರೆ ಕಾರ್ಖಾನೆಯಿಂದಲೂ ಕಬ್ಬಿನ ಗದ್ದೆಗಳಿಂದಲೂ ಇಂದು ಗುರುತಿಸಲಾಗುವ ಈ ಊರು ಮಲೆ ಮಾದಪ್ಪನ ಜನಪದ ಮಹಾಕಾವ್ಯದಲ್ಲಿ ಮಠದ ಊರು. ಉತ್ತರ ದೇಶದಿಂದ ಬಂದ ಮಾದಪ್ಪ ಸುತ್ತೂರು ಮಠ, ಕುಂತೂರು ಮಠಗಳನ್ನು ಹಾದು ಏಳುಮಲೆಯನ್ನು ಸೇರುತ್ತಾನೆಂದು ಅವನ ದೀಕ್ಷೆ ಪಡೆದ ಗಾಯಕರಾದ ದೇವರ ಗುಡ್ಡರು ಹಾಡುತ್ತಾರೆ. ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಸೀಮೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದು, 1997ರಲ್ಲಿ ಚಾಮರಾಜನಗರ ಜಿಲ್ಲೆಯ ಪಾಲಾಯಿತು. ಆಳುವವರೂ ಶಾಲೆಯ ಕಟ್ಟಳೆಗಳೂ ಬದಲಾದವು, ಆದರೆ ಗುಡ್ಡರು ಕಂಸಾಳೆಯೆಂಬ ತಾಳ ಹಿಡಿದು ಹಾಡುವ ಹಾಡು ಬದಲಾಗಲಿಲ್ಲ. ಒಬ್ಬನು ಇನ್ನೊಬ್ಬನನ್ನು ವ್ರತಕ್ಕೆ ಕಟ್ಟುವುದೆಂದರೇನು, ಮನಸ್ಸೊಪ್ಪಿ ತೊಟ್ಟ ದೀಕ್ಷೆಗೂ ಒತ್ತಾಯದಿಂದ ಕೇಳಿದ ಭಾಷೆಗೂ, ಅಂದರೆ ಆಣೆಗೂ, ಇರುವ ಅಂತರವೇನು ಎಂಬುದನ್ನು ಈ ಸೀಮೆಯ ಹಾಡು ಗ್ರಂಥಗಳಿಗಿಂತ ನೇರವಾಗಿ ಎತ್ತಿಕೊಂಡಿದೆ.

ಮೊದಲು ಆಟದ ನಿಯಮವನ್ನೇ ನೋಡಬಹುದು. 1914ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ ಲಿಖಿತ ನಿಯಮಗಳ ರೂಪ ಪಡೆದ ಖೊ-ಖೊ ಆಟದಲ್ಲಿ ಬೆನ್ನಟ್ಟುವ ತಂಡದ ಎಂಟು ಮಂದಿ ಎರಡು ಕಂಬಗಳ ನಡುವಿನ ಸಾಲಿನಲ್ಲಿ ಒಬ್ಬರು ಒಂದು ಕಡೆಗೆ, ಪಕ್ಕದವರು ಅದರ ಎದುರು ಕಡೆಗೆ ಮುಖಮಾಡಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಒಂಬತ್ತನೆಯವರು ಮಾತ್ರ ಓಡುತ್ತಾರೆ. ಓಡುವವರು ಒಮ್ಮೆ ಹಿಡಿದ ದಿಕ್ಕನ್ನು ಕಂಬ ತಲುಪುವವರೆಗೆ ಬದಲಿಸುವಂತಿಲ್ಲ, ಕೂತವರ ನಡುವೆ ನುಸುಳಿ ಆಚೆ ಬದಿಗೆ ಹೋಗುವಂತಿಲ್ಲ. ತಪ್ಪಿಸಿಕೊಳ್ಳುವವರು ಕೈಯಳತೆಯಲ್ಲೇ ನಿಂತಿದ್ದರೂ, ಹಿಂದಕ್ಕೆ ಒಂದು ಹೆಜ್ಜೆ ಇಟ್ಟರೆ ಸಿಗುವಂತಿದ್ದರೂ, ಆ ಹೆಜ್ಜೆಯನ್ನು ಇಡದೆ, ಎದುರು ಕಡೆಗೆ ಮುಖಮಾಡಿ ಕೂತ ಜೊತೆಗಾರರ ಬೆನ್ನನ್ನು ಹಿಂದಿನಿಂದ ಮುಟ್ಟಿ, ಗಟ್ಟಿಯಾಗಿ ಖೊ ಎಂದು ಕೂಗಿ, ತಾವು ಅವರ ಜಾಗದಲ್ಲಿ ಕೂರಬೇಕು. ಕೂತವರಿಗೂ ಇದರಷ್ಟೇ ಕಠಿಣವಾದ ಕಟ್ಟಿದೆ: ಹಿಂಗಾಲಿನ ಬೆರಳುಗಳು ಮಣ್ಣಿಗೆ ಒತ್ತಿಕೊಂಡು ಮೈಯೆಲ್ಲ ಚಿಮ್ಮಲು ಸಿದ್ಧವಾಗಿದ್ದರೂ, ಖೊ ಸಿಗುವ ಮೊದಲು ಎದ್ದರೆ ಅದು ತಪ್ಪು. ಹತ್ತಿರದ ದಾರಿ ಇದ್ದೂ ಅದನ್ನು ಬಿಟ್ಟು ಸುತ್ತಿನ ದಾರಿಯನ್ನು ಹಿಡಿಯುವುದು, ಓಡಬಲ್ಲ ಕಾಲನ್ನು ಕೂರಿಸಿಕೊಂಡು ಇನ್ನೊಬ್ಬರ ಕರೆಗಾಗಿ ಕಾಯುವುದು ಈ ಆಟದ ತಿರುಳು.

ಕೆನಡಾದಲ್ಲಿ ಅಧ್ಯಾಪಕರಾಗಿದ್ದ ದಾರ್ಶನಿಕ ಬರ್ನಾರ್ಡ್ ಸೂಟ್ಸ್ 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆಟವೆಂದರೆ ಅನಗತ್ಯವಾದ ಅಡ್ಡಿಗಳನ್ನು ತಾನಾಗಿ ಮೈಮೇಲೆ ಎಳೆದುಕೊಂಡು ಅವನ್ನು ದಾಟುವ ಯತ್ನ ಎಂದು ನಿರೂಪಿಸಿದರು. ಈ ತಿಳಿವಳಿಕೆಗೆ ಸಾಟಿಯಾದ ಚಿಂತನೆ ಪೂರ್ವಮೀಮಾಂಸೆಯಲ್ಲಿ ಬಹಳ ಹಿಂದೆಯೇ ಇದೆ. ವೇದವಾಕ್ಯಗಳ ಅರ್ಥವನ್ನು ನಿರ್ಣಯಿಸುವ ಆ ಶಾಸ್ತ್ರ ವಿಧಿಗಳನ್ನು ವಿಂಗಡಿಸುವಾಗ ನಿಯಮವಿಧಿಯೆಂಬ ಒಂದು ಬಗೆಯನ್ನು ಹೇಳುತ್ತದೆ: ಒಂದು ಕೆಲಸಕ್ಕೆ ಹಲವು ಉಪಾಯಗಳು ಇರುವಾಗ ಅವುಗಳಲ್ಲಿ ಒಂದನ್ನೇ ಹಿಡಿಯಬೇಕೆಂದು ಕಟ್ಟುಮಾಡುವುದು ನಿಯಮವಿಧಿ. ಯಾಗಕ್ಕೆ ಬೇಕಾದ ಭತ್ತದ ಹೊಟ್ಟನ್ನು ಉಗುರಿನಿಂದಲೂ ಸುಲಿಯಬಹುದು, ಒನಕೆಯಿಂದ ಕುಟ್ಟಿಯೂ ತೆಗೆಯಬಹುದು. ಕುಟ್ಟಿಯೇ ತೆಗೆಯಬೇಕೆಂದು ವಿಧಿಸಿದಾಗ ಅಕ್ಕಿ ಸಿಗುವುದು ಕಣ್ಣಿಗೆ ಕಾಣುವ ಫಲವಾದರೆ, ವಿಧಿಸಿದ ಕ್ರಮದಲ್ಲೇ ನಡೆದುದರಿಂದ ಹುಟ್ಟುವ ಕಾಣದ ಫಲವೊಂದನ್ನು ಮೀಮಾಂಸಕರು ನಿಯಮಾಪೂರ್ವವೆಂದು ಕರೆದರು. ಖೊ-ಖೊ ಅಂಕಣಕ್ಕೆ ಈ ವಿಚಾರವನ್ನು ತಂದರೆ, ಎದುರಾಳಿಯನ್ನು ಮುಟ್ಟಿ ಅಂಕ ಪಡೆಯುವುದು ಕಾಣುವ ಫಲ. ಇಡಬಹುದಾಗಿದ್ದ ಹೆಜ್ಜೆಯನ್ನು ಇಡದೆ ತಡೆದುಕೊಂಡವರೊಳಗೆ ಬೆಳೆಯುವ ಸಂಯಮ ಕಾಣದ ಫಲ. ಅಂಕಪಟ್ಟಿಯಲ್ಲಿ ಮೊದಲನೆಯದು ಮಾತ್ರ ದಾಖಲಾಗುತ್ತದೆ, ಆದರೆ ಶಾಲೆಯೊಂದು ಆಟವನ್ನು ಪಾಠದ ಭಾಗವಾಗಿ ಇಟ್ಟುಕೊಂಡಿರುವುದು ಎರಡನೆಯದಕ್ಕಾಗಿ.

ಹೀಗಿರುವಾಗ ಆಟದ ನಿಯಮವನ್ನು ಕದ್ದು ಮುರಿಯುವುದೆಂದರೆ ಬರಿಯ ದಂಡಕ್ಕೆ ಗುರಿಯಾಗುವ ತಪ್ಪಲ್ಲ. ಡಚ್ ಇತಿಹಾಸಕಾರ ಯೊಹಾನ್ ಹಾಯ್ಸಿಂಗ 1938ರ ತಮ್ಮ ಕೃತಿಯಲ್ಲಿ ಆಟ ಕೆಡಿಸುವವನಿಗೂ ಮೋಸಗಾರನಿಗೂ ವ್ಯತ್ಯಾಸ ಕಾಣುತ್ತಾರೆ: ಆಟ ಕೆಡಿಸುವವನು ನಿಯಮವನ್ನೇ ಒಲ್ಲೆನೆಂದು ಎದ್ದು ಹೋಗುತ್ತಾನೆ, ಮೋಸಗಾರನು ನಿಯಮವನ್ನು ಗೌರವಿಸುವವನಂತೆ ನಟಿಸುತ್ತ ಒಳಗಿನಿಂದ ಮುರಿಯುತ್ತಾನೆ. ಶಾಲಾ ಕ್ರೀಡೆಯಲ್ಲಿ ಈ ಎರಡನೆಯ ಕೇಡು ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರಿಂದ ಆಗುತ್ತದೆ. ಶಾಲಾ ಕ್ರೀಡಾಕೂಟಗಳು 14 ವರ್ಷದೊಳಗಿನವರು, 17 ವರ್ಷದೊಳಗಿನವರು ಎಂಬ ವಿಭಾಗಗಳಲ್ಲಿ ಹೋಬಳಿ ಅಥವಾ ವಲಯ ಮಟ್ಟದಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಮಟ್ಟಗಳವರೆಗೆ ನಡೆಯುವುದರಿಂದ, ವಯಸ್ಸು ಮೀರಿದವರನ್ನು ಸುಳ್ಳು ದಾಖಲೆಯ ಬಲದಿಂದ ಆಡಿಸುವ ಆಸೆ ಎಲ್ಲಿ ಬೇಕಾದರೂ ಹುಟ್ಟಬಹುದು. ಹಾಗೆ ಆಡಿಸಿದಾಗ ಎದುರು ತಂಡಕ್ಕೆ ಆಗುವ ಅನ್ಯಾಯ ಒಂದಾದರೆ, ತನ್ನ ಹುಟ್ಟಿದ ದಿನವನ್ನೇ ಸುಳ್ಳು ಹೇಳಬೇಕಾಗಿ ಬಂದ ಮಗುವಿಗೆ ಆಗುವ ಅನ್ಯಾಯ ಇನ್ನೊಂದು. ತನಗೆ ಶಿಸ್ತನ್ನು ಬೋಧಿಸಿದವರೇ ಶಿಸ್ತನ್ನು ನಂಬುವುದಿಲ್ಲವೆಂದು ಆ ಮಗು ಕಲಿತುಬಿಡುತ್ತದೆ. ಕ್ರೀಡಾಕೂಟದ ಉದ್ಘಾಟನೆಯಲ್ಲಿ ಧ್ವಜದ ಮುಂದೆ ಕೈ ಚಾಚಿ ಪ್ರತಿಜ್ಞೆ ಮಾಡಿಸುವ ಪದ್ಧತಿಗೆ 1920ರ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಬೆಲ್ಜಿಯಂನ ವಿಕ್ಟರ್ ಬೋಯಿನ್ ಮೊದಲ ಬಾರಿಗೆ ಸ್ವೀಕರಿಸಿದ ಪ್ರತಿಜ್ಞೆ ಮೇಲ್ಪಂಕ್ತಿಯಾಗಿದೆ; ಆ ಪ್ರತಿಜ್ಞೆಯನ್ನು ಮಕ್ಕಳಿಂದ ಮಾತ್ರ ಮಾಡಿಸಿ ಶಾಲೆಯೂ ತರಬೇತುದಾರರೂ ಅದರ ಹೊರಗೆ ಉಳಿದರೆ ಅದು ಆಚರಣೆಯಾಗುತ್ತದೆಯೇ ಹೊರತು ವ್ರತವಾಗುವುದಿಲ್ಲ.

ಎರಡನೆಯ ಬಗೆಯಾದ ತಂಡದ ಶಿಸ್ತಿನ ವಿಚಾರಕ್ಕೆ ಬಂದರೆ, ಮಾದಪ್ಪನ ಕಾವ್ಯದ ಸುತ್ತೂರಿನ ಪ್ರಸಂಗ ದಾರಿ ತೋರಿಸುತ್ತದೆ. ಮಠಕ್ಕೆ ಬಂದ ಮಾದಪ್ಪನಿಗೆ ಅಲ್ಲಿ ರಾಗಿ ಬೀಸುವ ಕೆಲಸ ಒದಗುತ್ತದೆ. ಕಾವ್ಯದ ಪಾಲಿಗೆ ಅವನು ಸಾಕ್ಷಾತ್ ದೇವರು; ಬೀಸುವ ಕಲ್ಲು ಅವನ ಮಹಿಮೆಯಿಂದ ತಾನೇ ತಿರುಗಿ ರಾಗಿಯೆಲ್ಲ ಹಿಟ್ಟಾಗುತ್ತದೆ. ಹಾಡಿನಲ್ಲಿ ಪವಾಡಕ್ಕಿರುವಷ್ಟೇ ತೂಕ, ಆ ಪವಾಡಕ್ಕೆ ಮುಂಚೆ ಅವನು ಮಠದ ಕೆಲಸವನ್ನು ತನ್ನದೆಂದು ಒಪ್ಪಿಕೊಂಡದ್ದಕ್ಕೂ ಇದೆ. ಎಲ್ಲರಿಗೂ ಹಿಟ್ಟು ಬೇಕಾಗಿರುವ ಮನೆಯಲ್ಲಿ ಬೀಸುವ ಸರದಿಯಿಂದ ಯಾರ ಮಹಿಮೆಯೂ ಯಾರನ್ನೂ ಬಿಡಿಸುವುದಿಲ್ಲ ಎಂಬ ಅರ್ಥವನ್ನು ಇಲ್ಲಿ ಓದಿಕೊಳ್ಳಬಹುದು. ಶಾಲಾತಂಡದಲ್ಲಿ ಅಂಕಣದ ಕಲ್ಲು ಆರಿಸುವುದು, ಸುಣ್ಣದ ಗೆರೆ ಎಳೆಯುವುದು, ಆಟ ಮುಗಿದ ಮೇಲೆ ಕಂಬಗಳನ್ನು ಎತ್ತಿಡುವುದು ಕಿರಿಯರ ಪಾಲಿಗೆ ಬಿದ್ದು, ಚೆನ್ನಾಗಿ ಆಡುವವರು ನೆರಳಿನಲ್ಲಿ ಕೂರುವುದು ವಾಡಿಕೆಯಾದರೆ, ತಂಡದ ಶಿಸ್ತು ಶಿಸ್ತಾಗಿ ಉಳಿಯದೆ ದುರ್ಬಲರ ಮೇಲಿನ ಹೇರಿಕೆಯಾಗುತ್ತದೆ. ಪ್ರತಿಭೆ ಹೆಚ್ಚಿದಂತೆ ಹೊಣೆ ಹೆಚ್ಚಬೇಕಲ್ಲದೆ ವಿನಾಯಿತಿ ಹೆಚ್ಚಬಾರದು.

ದೇವರ ಗುಡ್ಡರ ದೀಕ್ಷೆಯಲ್ಲಿ ಈ ಶಿಸ್ತಿನ ಪೂರ್ಣ ರೂಪ ಕಾಣುತ್ತದೆ. ಗುಡ್ಡನೆಂದರೆ ಗುರುವಿನಿಂದ ದೀಕ್ಷೆ ಪಡೆದು, ರುದ್ರಾಕ್ಷಿ ಧರಿಸಿ, ಜೋಳಿಗೆ ಹೊತ್ತು, ಮಾದಪ್ಪನ ಕತೆಯನ್ನು ಹಾಡುವ ಹರಕೆ ತೊಟ್ಟವನು. ಅವನ ಕೈಯ ಕಂಸಾಳೆ ಎರಡು ಕಂಚಿನ ತಾಳಗಳ ಜೋಡಿ: ಎಡಗೈಯಲ್ಲಿ ಬಟ್ಟಲಿನಾಕಾರದ್ದು, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆಯದು. ಬೀಸು ಕಂಸಾಳೆಯೆಂಬ ಕುಣಿತದಲ್ಲಿ ಹಲವರು ಸಾಲಾಗಿ ಅಥವಾ ವೃತ್ತವಾಗಿ ನಿಂತು ದಾರದ ತಾಳವನ್ನು ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಕೆಳಗೆ ಬೀಸುತ್ತ ತಮ್ಮ ಬಟ್ಟಲಿಗೂ ಪಕ್ಕದವರ ಬಟ್ಟಲಿಗೂ ಹೊಡೆಯುತ್ತಾರೆ. ಒಬ್ಬರ ಗತಿ ಒಂದು ಮಾತ್ರೆ ತಪ್ಪಿದರೆ ಕಂಚಿನ ಅಂಚು ಪಕ್ಕದವರ ಮೈಗೆ ತಾಗುತ್ತದೆ. ಅಲ್ಲಿ ಶಿಸ್ತಿಗೆ ಕಾರಣ ಮೇಲಿನವರ ಭಯವಲ್ಲ, ಪಕ್ಕದವರ ಮೈ. ಆದ್ದರಿಂದ ಅದನ್ನು ಯಾರೂ ವಿವರಿಸಿ ಒಪ್ಪಿಸಬೇಕಾಗುವುದಿಲ್ಲ. ಅಭ್ಯಾಸಕ್ಕೆ ಬಾರದವನು ಅಥವಾ ಗತಿಗೆ ಕಿವಿಗೊಡದವನು ಜೊತೆಯವರಿಗೆ ಏನು ಮಾಡುತ್ತಾನೆಂಬುದು ಎಲ್ಲರ ಕಣ್ಣಮುಂದೆಯೇ ಇರುತ್ತದೆ. ತಂಡದ ಯಾವ ಕಟ್ಟಳೆಗೆ ಇಂಥ ಕಾರಣ ತೋರಿಸಲು ಸಾಧ್ಯವೋ ಆ ಕಟ್ಟಳೆ ನಿಲ್ಲುತ್ತದೆ, ಸಾಧ್ಯವಿಲ್ಲದ್ದು ಅಧಿಕಾರದ ಅಭ್ಯಾಸವಾಗಿ ಉಳಿಯುತ್ತದೆ.

ದೀಕ್ಷೆಯನ್ನು ಹಾಡಿ ಹೊಗಳುವ ಇದೇ ಕಾವ್ಯ ಒತ್ತಾಯದ ಆಣೆಯನ್ನು ಖಂಡಿಸುವುದನ್ನೂ ಮರೆತಿಲ್ಲ. ಸಂಕಮ್ಮನ ಸಾಲು ಎಂಬ ಭಾಗದಲ್ಲಿ ಕಾಡಿಗೆ ಹೊರಟ ನೀಲೇಗೌಡ ಹೆಂಡತಿ ಸಂಕಮ್ಮನ ನಡತೆಯನ್ನು ಶಂಕಿಸಿ ತನಗೆ ಭಾಷೆ ಕೊಟ್ಟಲ್ಲದೆ ಬಿಡೆನೆನ್ನುತ್ತಾನೆ. ತಪ್ಪು ಮಾಡದ ತಾನು ಅನುಮಾನಕ್ಕೆ ತಲೆಬಾಗಿ ಭಾಷೆ ಕೊಡಲಾರೆನೆಂದು ಅವಳು ನಿಲ್ಲುತ್ತಾಳೆ, ಅದಕ್ಕಾಗಿ ಘೋರವಾದ ಹಿಂಸೆಯನ್ನು ಪಡುತ್ತಾಳೆ, ಆದರೆ ಮಾದಪ್ಪ ಒಲಿಯುವುದು ಅವಳಿಗೆ. ಕೇಳಿದ ಮಾತಿನಲ್ಲಿ ತಪ್ಪೇನೂ ಕಾಣದಿರಬಹುದು. ಆದರೆ ಕೇಳಿದ ರೀತಿಯಲ್ಲಿ ನಂಬಿಕೆಯಿಲ್ಲ, ಮನುಷ್ಯಳೆಂಬ ಗೌರವವಿಲ್ಲ. ದೀಕ್ಷೆ ಕೊಡುವವನು ಪಡೆಯುವವನಲ್ಲಿ ಒಂದು ಶಕ್ತಿಯನ್ನು ಕಂಡು ಅದನ್ನು ಬೆಳೆಸಲು ಕಟ್ಟನ್ನು ಹಾಕುತ್ತಾನೆ. ಅನುಮಾನದಿಂದ ಭಾಷೆ ಕೇಳುವವನು ಎದುರಿನವರಲ್ಲಿ ಒಂದು ಕೇಡನ್ನು ಮೊದಲೇ ಊಹಿಸಿ ಅದನ್ನು ತಡೆಯಲು ಕಟ್ಟನ್ನು ಹಾಕುತ್ತಾನೆ. ಹೊರಗಿನಿಂದ ಎರಡು ಕಟ್ಟುಗಳೂ ಒಂದೇ ತೆರನಾಗಿ ಕಂಡರೂ ಒಳಗೆ ಒಂದು ವಿಶ್ವಾಸ, ಇನ್ನೊಂದು ಅವಮಾನ. ಶಾಲೆಯ ತಂಡಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳ ತಂಡಗಳಲ್ಲಿ, ಯಾರೊಡನೆ ಮಾತಾಡಿದಳು, ಎಷ್ಟು ಹೊತ್ತಿಗೆ ಮನೆ ಸೇರಿದಳು ಎಂಬ ವಿಚಾರಣೆ ಶಿಸ್ತಿನ ಹೆಸರಿನಲ್ಲಿ ನಡೆಯುವಾಗ, ಅದು ಆ ಮಕ್ಕಳ ಸುರಕ್ಷೆಗಾಗಿ ಮಾಡಿದ ಏರ್ಪಾಡೋ ಅಥವಾ ನೀಲೇಗೌಡನ ಅನುಮಾನದ ಮುಂದುವರಿಕೆಯೋ ಎಂದು ದೊಡ್ಡವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾಗುತ್ತದೆ.

ಕುಂತೂರು, ಸುತ್ತೂರುಗಳ ಮಠಪರಂಪರೆ ಸೇರಿರುವ ವೀರಶೈವ ಧರ್ಮ ಆಚಾರವನ್ನು ಐದಾಗಿ ವಿಂಗಡಿಸಿ ಪಂಚಾಚಾರವೆನ್ನುತ್ತದೆ. ಅವುಗಳಲ್ಲಿ ಲಿಂಗಾಚಾರ ಇಷ್ಟಲಿಂಗದಲ್ಲಿನ ಏಕನಿಷ್ಠೆ. ಅದು ಪೂಜೆಗೆ ಸೇರಿದ್ದು. ಉಳಿದ ನಾಲ್ಕು ಒಟ್ಟಿಗೆ ಬಾಳುವ ಯಾವ ಗುಂಪಿಗೂ ಸಲ್ಲುತ್ತವೆ. ಸದಾಚಾರವೆಂದರೆ ನೇರವಾದ ದುಡಿಮೆ, ನೇರವಾದ ನಡೆ. ಶಿವಾಚಾರವೆಂದರೆ ಶಿವಭಕ್ತರಲ್ಲಿ ಹುಟ್ಟಿನ ಭೇದವೆಣಿಸದೆ ಎಲ್ಲರನ್ನೂ ಸಮನಾಗಿ ಕಾಣುವುದು. ಭೃತ್ಯಾಚಾರವೆಂದರೆ ತಾನು ಎಲ್ಲರಿಗಿಂತ ಕಿರಿಯನೆಂಬ ಸೇವಾಭಾವ. ಗಣಾಚಾರವೆಂದರೆ ಗಣಕ್ಕೆ, ಅಂದರೆ ಶರಣರ ಸಮೂಹಕ್ಕೆ, ಅದು ನಂಬಿದ ಮೌಲ್ಯಕ್ಕೆ ಕುಂದು ಬಂದಾಗ ಸಹಿಸದೆ ಎದ್ದು ನಿಲ್ಲುವುದು. ಹಲವು ಕೇರಿಗಳ ಮಕ್ಕಳು ಒಂದೇ ಬಿಂದಿಗೆಯ ನೀರು ಕುಡಿದು, ಕ್ರೀಡಾಕೂಟದ ಬಯಲಿನಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಚಿತ್ರಾನ್ನ ತಿನ್ನುವ ತಂಡದಲ್ಲಿ ಶಿವಾಚಾರ ಉಪದೇಶವಿಲ್ಲದೆ ನಡೆದುಹೋಗಬಲ್ಲದು; ಅದು ನಡೆಯದೆ ಪಂಕ್ತಿ ಒಡೆದರೆ ಆ ತಂಡ ಎಷ್ಟು ಕಪ್ಪು ಗೆದ್ದರೂ ಆಚಾರಗೆಟ್ಟ ತಂಡವೇ. ತಂಡಗಳಲ್ಲಿ ಸಾಮಾನ್ಯವಾಗಿ ಬೋಧಿಸಲಾಗುವುದು ಭೃತ್ಯಾಚಾರ ಮಾತ್ರ: ಬಾಗು, ಕೇಳು, ಮಾಡು. ಅದರ ಜೊತೆಯಲ್ಲಿ ಗಣಾಚಾರ ಇರಲೇಬೇಕೆಂಬುದನ್ನು ಮರೆಯಲಾಗುತ್ತದೆ. ತಂಡದೊಳಗೆ ಕಿರಿಯನೊಬ್ಬನಿಗೆ ಹಿಂಸೆಯಾಗುತ್ತಿರುವಾಗ, ವಯಸ್ಸಿನ ದಾಖಲೆ ತಿದ್ದಲಾಗುತ್ತಿರುವಾಗ, ಬಾಯಿಮುಚ್ಚಿಕೊಂಡಿರುವುದು ತಂಡನಿಷ್ಠೆಯಲ್ಲ. ತಂಡ ಯಾವ ಮೌಲ್ಯಕ್ಕಾಗಿ ಇದೆಯೋ ಅದರ ಪರವಾಗಿ ಮಾತಾಡುವುದೇ ತಂಡನಿಷ್ಠೆ. ವಿನಯವೊಂದನ್ನೇ ಕಲಿಸಿ ಧೈರ್ಯವನ್ನು ಕಲಿಸದ ಶಿಸ್ತು ಅರ್ಧ ಶಿಸ್ತು.

ತಪ್ಪಿದವರಿಗೆ ಏನು ಮಾಡಬೇಕೆಂಬ ಪ್ರಶ್ನೆಯನ್ನು ಹೆಚ್ಚು ಬೆಳೆಸಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಮತ್ತು ಆ ನಿಷೇಧದ ಹಿಂದಿನ ವಿವೇಕ ತರಗತಿಗೆಷ್ಟೋ ಮೈದಾನಕ್ಕೂ ಅಷ್ಟೇ ಸಲ್ಲುತ್ತದೆ. ತಡವಾಗಿ ಬಂದವರಿಂದ ಬಿಸಿಲಿನಲ್ಲಿ ಬಸ್ಕಿ ಹೊಡೆಸುವುದರಲ್ಲಿ ವಿಚಾರದ ದೋಷವೂ ಇದೆ: ದೇಹದ ಶ್ರಮವನ್ನು ಪ್ರೀತಿಸಲು ಕಲಿಸಬೇಕಾದ ಜಾಗದಲ್ಲಿ ಅದೇ ಶ್ರಮವನ್ನು ದಂಡವಾಗಿ ಕೊಟ್ಟರೆ ಮಗು ಶ್ರಮವನ್ನೇ ಅವಮಾನವೆಂದು ತಿಳಿಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಸಮಾನತೆಯ ಪ್ರಶ್ನೆ. ಬೆಳಗ್ಗೆ ಆರಕ್ಕೆ ಎಲ್ಲರೂ ಮೈದಾನದಲ್ಲಿರಬೇಕೆಂಬ ಕಟ್ಟಳೆ ಎಲ್ಲರಿಗೂ ಒಂದೇ. ಆದರೆ ಹಸುವಿಗೆ ಹುಲ್ಲು ಹಾಕಿ, ಹಾಲು ಡೇರಿಗೆ ಕೊಟ್ಟು ಬರಬೇಕಾದ ಹುಡುಗನಿಗೂ, ಕಬ್ಬು ಕಡಿಯುವ ಕಾಲದಲ್ಲಿ ತಾಯಿ ಕೂಲಿಗೆ ಹೋದಾಗ ಅಡುಗೆಮನೆ ನೋಡಿಕೊಳ್ಳುವ ಹುಡುಗಿಗೂ, ಶಾಲೆಯ ಪಕ್ಕದಲ್ಲೇ ಮನೆಯಿರುವ ಹುಡುಗನಿಗೂ ಅದರ ಭಾರ ಒಂದೇ ಅಲ್ಲ. ಸಾಮಾನ್ಯ ನಿಯಮವನ್ನು ಉತ್ಸರ್ಗವೆಂದೂ ಅದಕ್ಕೆ ಸಕಾರಣವಾದ ವಿನಾಯಿತಿಯನ್ನು ಅಪವಾದವೆಂದೂ ಕರೆದ ಭಾರತೀಯ ಶಾಸ್ತ್ರಪರಂಪರೆ, ಅಪವಾದದಿಂದ ಉತ್ಸರ್ಗ ಮುರಿಯುವುದಿಲ್ಲ, ಅದರ ಸರಿಯಾದ ಎಲ್ಲೆ ತಿಳಿಯುತ್ತದೆ ಎಂದು ಕಂಡುಕೊಂಡಿತ್ತು. ಗ್ರೀಕ್ ದಾರ್ಶನಿಕ ಅರಿಸ್ಟಾಟಲ್ ಕೂಡ, ಕಾನೂನು ಸಾಮಾನ್ಯ ರೂಪದಲ್ಲಿರುವುದರಿಂದ ಅದು ಮುಟ್ಟಲಾಗದ ವಿಶೇಷ ಸಂದರ್ಭಗಳಲ್ಲಿ ಅದನ್ನು ತಿದ್ದುವ ವಿವೇಕವೂ ನ್ಯಾಯದ ಭಾಗವೇ ಎಂದು ವಾದಿಸಿದ. ತರಬೇತುದಾರರು ಕಾರಣವನ್ನು ಎಲ್ಲರ ಮುಂದೆ ಹೇಳಿ ಒಬ್ಬಳಿಗೆ ಸಂಜೆಯ ಅಭ್ಯಾಸವನ್ನು ಗೊತ್ತುಮಾಡಿದರೆ ಅದು ಅಪವಾದ. ಕಾರಣ ಹೇಳದೆ ತಮಗೆ ಬೇಕಾದವನೊಬ್ಬನಿಗೆ ರಿಯಾಯಿತಿ ಕೊಟ್ಟರೆ ಅದು ಪಕ್ಷಪಾತ. ಕಾರಣವನ್ನು ಬಹಿರಂಗವಾಗಿ ಹೇಳಬಲ್ಲೆವೇ ಎಂಬುದೇ ಎರಡನ್ನೂ ಬೇರ್ಪಡಿಸುವ ಒರೆಗಲ್ಲು.

ಕೊನೆಯದು ನಿರೀಕ್ಷೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊ-ಖೊ ವಿಶ್ವಕಪ್ಪನ್ನು ಭಾರತದ ಮಹಿಳೆಯರು ನೇಪಾಳವನ್ನು ಸೋಲಿಸಿ ಗೆದ್ದಾಗ, ಕೊಳ್ಳೇಗಾಲದ ನೆರೆಯ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಆ ತಂಡದಲ್ಲಿದ್ದರು. ಹಳ್ಳಿಯ ಅಂಕಣದಿಂದ ವಿಶ್ವಕಪ್ಪಿನವರೆಗೆ ದಾರಿಯಿದೆಯೆಂಬ ಅರಿವು ಈ ಸೀಮೆಯ ಮಕ್ಕಳಿಗೆ ದೊಡ್ಡ ಬಲ. ಆದರೆ ಅದೇ ಅರಿವು ಪ್ರತಿ ಮಗುವಿನ ಮೇಲೂ ಹೊರಿಸಿದ ಸಾಲವಾಗಿಬಿಟ್ಟರೆ ಬಲವು ಭಾರವಾಗುತ್ತದೆ. ಭಗವದ್ಗೀತೆ ಕರ್ಮದಲ್ಲಿ ಅಧಿಕಾರವನ್ನೂ ಫಲದಲ್ಲಿ ಅನಾಸಕ್ತಿಯನ್ನೂ ಬೋಧಿಸಿದ್ದು ಫಲ ಬೇಡವೆಂದಲ್ಲ, ಫಲ ಹಲವು ಕಾರಣಗಳು ಸೇರಿ ಆಗುವಂಥದ್ದೆಂದು. ಗೆಲುವಿನಲ್ಲಿ ಎದುರಾಳಿಯ ಸಾಮರ್ಥ್ಯ, ಗಾಯ, ಮಳೆ, ತೀರ್ಪು ಎಲ್ಲವೂ ಸೇರಿರುವುದರಿಂದ ಅದನ್ನು ಯಾರಿಂದಲೂ ನಿಯಮವಾಗಿ ಕೇಳಲು ಬರುವುದಿಲ್ಲ. ಪ್ರಾಮಾಣಿಕತೆ, ಹಾಜರಿ, ಪರಿಶ್ರಮ ಇವು ಆಡುವವರ ಕೈಯಲ್ಲೇ ಇರುವುದರಿಂದ ಅವನ್ನು ಕೇಳಬಹುದು. ಶಾಲಾ ಕ್ರೀಡೆಯ ಬಹುಪಾಲು ಕೇಡು ಈ ಎರಡನ್ನು ಅದಲುಬದಲು ಮಾಡುವುದರಿಂದ ಹುಟ್ಟುತ್ತದೆ: ಗೆಲ್ಲಲೇಬೇಕೆಂಬುದು ಮೀರಲಾಗದ ನಿಯಮವಾಗುತ್ತದೆ, ಪ್ರಾಮಾಣಿಕವಾಗಿ ಆಡಬೇಕೆಂಬುದು ಸಾಧ್ಯವಾದರೆ ಒಳ್ಳೆಯದೆಂಬ ನಿರೀಕ್ಷೆಯ ಮಟ್ಟಕ್ಕೆ ಇಳಿಯುತ್ತದೆ.

ಈ ವಿಚಾರಗಳಿಂದ ಹೊರಡುವ ನಿರ್ಣಯ ಸ್ಪಷ್ಟವಾಗಿದೆ. ಆಟದ ನಿಯಮ ಆಟವನ್ನು ಹುಟ್ಟಿಸುವುದರಿಂದ ಅದರಲ್ಲಿ ರಾಜಿಯಿಲ್ಲ. ತಂಡದ ಶಿಸ್ತು ದೀಕ್ಷೆಯ ಸ್ವರೂಪದ್ದಾಗಬೇಕಾದರೆ ಅದು ಸೇರುವ ಮೊದಲೇ ತಿಳಿದಿರಬೇಕು, ಕಾರಣಸಹಿತವಾಗಿರಬೇಕು, ಬೋಧಿಸುವವರನ್ನೂ ಕಟ್ಟಬೇಕು, ನೊಂದವರಿಗೆ ಮಾತಾಡುವ ಎಡೆ ಬಿಡಬೇಕು, ಒಲ್ಲೆನೆನ್ನುವ ಮಗುವಿಗೆ ಅವಮಾನವಿಲ್ಲದೆ ತಂಡ ಬಿಡುವ ದಾರಿಯನ್ನೂ ತೆರೆದಿಡಬೇಕು. ಮಕ್ಕಳು ದೊಡ್ಡವರಂತೆ ಪೂರ್ತಿ ಸ್ವತಂತ್ರರಲ್ಲವೆಂಬ ಕಾರಣಕ್ಕೆ ಈ ಎಚ್ಚರ ಇನ್ನಷ್ಟು ಬೇಕು, ಏಕೆಂದರೆ ಅವರ ಒಪ್ಪಿಗೆಯನ್ನು ಭಯದಿಂದ ಪಡೆಯುವುದು ಬಹಳ ಸುಲಭ. ನಿರೀಕ್ಷೆ ಹಾರೈಕೆಯಾಗಿ ಇರಲಿ, ಸಾಲವಾಗಿ ಅಲ್ಲ. ಒಂದು ತಂಡದ ಶಿಸ್ತು ನಿಜವಾಗಿತ್ತೇ ಎಂಬುದು ಶಾಲೆಯ ಕಪಾಟಿನ ಕಪ್ಪುಗಳಿಂದ ತಿಳಿಯುವುದಿಲ್ಲ. ಶಾಲೆ ಬಿಟ್ಟ ಮೇಲೆ, ಸೀಟಿ ಊದುವವರೂ ನೋಡುವವರೂ ಇಲ್ಲದ ಕಡೆಯಲ್ಲಿ, ಆ ವಿದ್ಯಾರ್ಥಿಗಳು ಹತ್ತಿರದ ತಪ್ಪು ದಾರಿಯನ್ನು ಬಿಟ್ಟು ಸುತ್ತಿನ ಸರಿದಾರಿಯನ್ನು ತಾವಾಗಿ ಹಿಡಿಯುತ್ತಾರೆಯೇ ಎಂಬುದರಿಂದ ತಿಳಿಯುತ್ತದೆ, ಮತ್ತು ಆ ಫಲವನ್ನು ಬಯಸುವ ಶಾಲೆ ತನ್ನ ಕಟ್ಟಳೆಗಳನ್ನು ಅದಕ್ಕೆ ತಕ್ಕಂತೆ ಇಂದೇ ತಿದ್ದಿಕೊಳ್ಳಬೇಕಾಗುತ್ತದೆ.